ಮಕ್ಕಳ ಭಾವಚಿತ್ರಕ್ಕೆ ಹೊಸ ಬಟ್ಟೆ ಏಕೆ?

ಮಾನ್ಯರೇ,

ಮಕ್ಕಳ ಭಾವಚಿತ್ರ ಬರೆಯುವ ಹಲವರು ಮುಖಕ್ಕೆ ಪಡುವ ಶ್ರಮದ ಕಾಲುಭಾಗವನ್ನೂ ಬಟ್ಟೆಗೆ ಪಡುವುದಿಲ್ಲ. ಇಸ್ತ್ರಿ ಮಾಡಿದ ಹೊಸ ಅಂಗಿ ತೊಡಿಸಿ ಕೂರಿಸಿದರೆ ಮಗು ಬಿಗಿಯುತ್ತದೆ, ಮಡಿಕೆಗಳೂ ಮೈಗೆ ಒಗ್ಗುವುದಿಲ್ಲ. ದಿನವೂ ತೊಡುವ ಬಟ್ಟೆಯೇ ಬೇಕು. ಮೊಣಕಾಲಿನಲ್ಲಿ ಉಬ್ಬಿದ ಪ್ಯಾಂಟು, ಮಣಿಕಟ್ಟಿನಿಂದ ಮೇಲಕ್ಕೇರಿದ ತೋಳು, ಇವೆಲ್ಲ ಮಗುವಿನ ವಯಸ್ಸನ್ನೇ ಹೇಳುತ್ತವೆ. ಅಂಚು ಬಿಚ್ಚಿ ಉದ್ದ ಮಾಡಿದ ಲಂಗದಲ್ಲಿ ಹಳೆಯ ಮಡಿಕೆಯ ಗೆರೆ ಉಳಿದಿರುತ್ತದೆ. ಒಳಗೆ ಮಡಚಿಟ್ಟಿದ್ದ ಪಟ್ಟಿ ಬಿಸಿಲು ಕಾಣದೆ ಗಾಢವಾಗಿರುತ್ತದೆ. ದಯವಿಟ್ಟು ಅದನ್ನು ‘ತಿದ್ದಿ’ ಅಳಿಸಬೇಡಿ.

ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ 1882ರಲ್ಲಿ ಬರೆದ ನಾಲ್ವರು ಬಾಯ್ಟ್ ಸಹೋದರಿಯರ ಚಿತ್ರದಲ್ಲಿ ಹಿರಿಯ ಮೂವರು ತೊಟ್ಟಿರುವುದು ಫ್ರಾಕ್ ಕೊಳೆಯಾಗದಂತೆ ಮೇಲೆ ಹಾಕುವ ಬಿಳಿ ಮೇಲಂಗಿ. ಬಿಳಿ ಬಟ್ಟೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಟ್ಯೂಬಿನ ಬಿಳಿಯನ್ನು ಮೊದಲೇ ಬಳಿದರೆ ಹೊಳಪಿಗೆ ಏನೂ ಉಳಿಯದು. ಬೆಳಕಿನ ಭಾಗಕ್ಕೂ ಚೂರು ಓಕರ್ (ಮಣ್ಣಿನ ಹಳದಿ) ಬೆರೆಸಿ, ನೆರಳನ್ನು ಬೂದುನೀಲಿಯಲ್ಲಿ ಹಿಡಿದು, ಶುದ್ಧ ಬಿಳಿಯನ್ನು ಕೊನೆಯ ಎರಡು ಮೂರು ಕುಂಚದೇಟಿಗೆ ಇಟ್ಟುಕೊಳ್ಳಬೇಕು. ತೈಲವರ್ಣದಲ್ಲಿ ಜಿಂಕ್ ಬಿಳಿ ಕಾಲಕ್ರಮೇಣ ಪೆಡಸಾಗಿ ಬಿರುಕು ಬಿಡುತ್ತದೆ, ಟೈಟಾನಿಯಂ ವಾಸಿ.

ಮಗು ಅಲುಗಿದಂತೆಲ್ಲ ಮಡಿಕೆ ಬದಲಾಗುತ್ತದೆ. ಕಂಡಿದ್ದನ್ನೆಲ್ಲ ಸೇರಿಸಿದರೆ ಬಟ್ಟೆ ಸುಕ್ಕಿನ ರಾಶಿಯಾಗುತ್ತದೆ. ಮೊದಲ ಹತ್ತು ನಿಮಿಷದಲ್ಲೇ ಭುಜ, ಮೊಣಕೈ, ಸೊಂಟದಿಂದ ಹೊರಡುವ ಮುಖ್ಯ ಎಳೆತಗಳನ್ನು ಗುರುತಿಸಿ, ಉಳಿದದ್ದನ್ನು ಅದೇ ಬಟ್ಟೆಯನ್ನು ಅದೇ ಬೆಳಕಿನಲ್ಲಿ ಬೊಂಬೆಗೆ ತೊಡಿಸಿ ಮುಗಿಸಬಹುದು.

– ಚಿತ್ರಕಲಾ ಶಿಕ್ಷಕಿ