ರಾನಿ ಬಾರ್ಕರ್ ಬರೆದದ್ದೂ ನೆನಪಿರಲಿ

ಮಾನ್ಯರೇ,

ಬ್ರಿಟಿಷ್ ಹಾಸ್ಯದ ಮಾತು ಬಂದಾಗ ರಾನಿ ಬಾರ್ಕರ್ (1929–2005) ನಟರೆಂದಷ್ಟೇ ನೆನಪಾಗುತ್ತಾರೆ. ಅವರ ಬರವಣಿಗೆಯ ತೂಕ ಅದಕ್ಕಿಂತ ಕಡಿಮೆಯದ್ದಲ್ಲ. ಹೆಸರು ನೋಡಿ ಯಾರೂ ಒಪ್ಪಿಬಿಡಬಾರದೆಂದು ‘ಜೆರಾಲ್ಡ್ ವೈಲಿ’ ಎಂಬ ಗುಪ್ತನಾಮದಲ್ಲಿ, ತಾವೇ ನಟಿಸುತ್ತಿದ್ದ ಟಿವಿ ಕಾರ್ಯಕ್ರಮಗಳಿಗೆ ಕಿರುಪ್ರಹಸನಗಳನ್ನು ಕಳಿಸುತ್ತಿದ್ದರು.

1976ರ ಹಾರ್ಡ್‌ವೇರ್ ಅಂಗಡಿಯ ಪ್ರಹಸನವನ್ನೇ ನೋಡಿ. ಬಾರ್ಕರ್ ಗಿರಾಕಿ, ಜೊತೆನಟ ರಾನಿ ಕಾರ್ಬೆಟ್ ಅಂಗಡಿಯವರು. ಗಿರಾಕಿಗೆ ಬೇಕಿರುವುದು ‘ಫೋರ್ಕ್ ಹ್ಯಾಂಡಲ್ಸ್’, ಅಂದರೆ ತೋಟದ ಕವಲುಗೋಲಿಗೆ ಹಾಕುವ ಹಿಡಿ. ಅವನ ನಾಲಿಗೆಗೆ ಹಕಾರ ಬಾರದು. ಅಂಗಡಿಯವನಿಗೆ ‘ಫೋರ್ ಕ್ಯಾಂಡಲ್ಸ್’ ಎಂದು ಕೇಳಿಸಿ, ನಾಲ್ಕು ಮೇಣದಬತ್ತಿ ತಂದಿಡುತ್ತಾನೆ. ಮುಂದೆ ‘ಓಸ್’ ಎಂದಾಗ ಸನಿಕೆ (‘ಹೋ’), ನೀರಿನ ಪೈಪು (‘ಹೋಸ್’), ಹೆಂಗಸರ ಉದ್ದ ಕಾಲುಚೀಲ (‘ಪ್ಯಾಂಟಿ ಹೋಸ್’) ಎಲ್ಲ ಬರುತ್ತವೆ. ಬೇಕಿದ್ದದ್ದು ಗೇಟಿಗೆ ಹಚ್ಚುವ ‘ಓ’ ಅಕ್ಷರ!

ಇದನ್ನು ಪದಕ್ಕೆ ಪದವಿಟ್ಟು ಅನುವಾದಿಸಿದರೆ ನಗು ಹುಟ್ಟುವುದಿಲ್ಲ. ಮೇಣದಬತ್ತಿಗೂ ಹಿಡಿಗೂ ಕನ್ನಡದಲ್ಲಿ ಉಚ್ಚಾರದ ನಂಟಿಲ್ಲ. ಆದರೆ ‘ಹಾಲು’ ‘ಆಲು’ ಆಗುವ ಹಳೇ ಮೈಸೂರಿನ ಕಿವಿಗೆ ಇದರ ಕೀಲು ತಟ್ಟನೆ ಸಿಗುತ್ತದೆ. ನಮ್ಮ ನಾಟಕ ತಂಡಗಳು ಆ ಕೀಲನ್ನಷ್ಟೇ ತೆಗೆದುಕೊಂಡು, ಕನ್ನಡದ ಸಾಮಾನುಗಳಿಂದಲೇ ಹೊಸದಾಗಿ ಹೆಣೆಯಲಿ.

– ಒಬ್ಬ ಓದುಗ, ಮೈಸೂರು