ಕೃಷ್ಣಮೃಗವನ್ನು ಕೊಂದದ್ದು ಚಿರತೆಯೇ? ಕೊರಳಿನ ಚರ್ಮ ಸುಲಿದು ನೋಡಲಿ

ಮಾನ್ಯ ಸಂಪಾದಕರೇ,

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಡೆಯ ಕಡಲೆಕಾಯಿ ಹೊಲವೊಂದರಲ್ಲಿ ಅರೆಬರೆ ತಿಂದ ಸ್ಥಿತಿಯಲ್ಲಿ ಸಿಕ್ಕ ಕೃಷ್ಣಮೃಗದ ಸುದ್ದಿಯನ್ನು ಕಳೆದ ವಾರ ತಮ್ಮ ಪತ್ರಿಕೆ ‘ಚಿರತೆ ದಾಳಿಗೆ ಜಿಂಕೆ ಬಲಿ’ ಎಂಬ ತಲೆಬರಹದಡಿ ಪ್ರಕಟಿಸಿತ್ತು. (ಊರಿನವರ ಬಾಯಲ್ಲಿ ಜಿಂಕೆಯಾದರೂ ಕೃಷ್ಣಮೃಗ ಆ ಜಾತಿಯದಲ್ಲ, ಅದರ ಕೊಂಬು ವರ್ಷವರ್ಷ ಉದುರುವುದಿಲ್ಲ, ಅದು ಬೇರೆ ಮಾತು.) ಸುದ್ದಿಯ ಜೊತೆಗಿದ್ದ ಚಿತ್ರದಲ್ಲಿ ಪ್ರಾಣಿಯ ಕಿವಿ ಹರಿದಿತ್ತು, ಹಿಂಗಾಲಿನ ಚರ್ಮ ಚಿಂದಿಯಾಗಿ ಜೋತಾಡುತ್ತಿತ್ತು, ಕಳೇಬರ ಬಟಾಬಯಲಿನಲ್ಲೇ ಬಿದ್ದಿತ್ತು. ಹಲವು ವರ್ಷ ಪಶುವೈದ್ಯನಾಗಿ ಇಂತಹ ಕಳೇಬರಗಳ ಮರಣೋತ್ತರ ಪರೀಕ್ಷೆ ಮಾಡಿರುವ ನನಗೆ ಈ ಲಕ್ಷಣಗಳು ಚಿರತೆಗಿಂತ ನಾಯಿಗಳ ಹಿಂಡನ್ನೇ ಹೆಚ್ಚಾಗಿ ನೆನಪಿಸಿದವು. ಆದರೆ ಚಿತ್ರ ನೋಡಿ ನಾಯಿ ಎನ್ನುವುದೂ ಚಿರತೆ ಎಂದಷ್ಟೇ ಆತುರದ ತೀರ್ಮಾನವಾದೀತು.

ಚಿರತೆ ಸಾಮಾನ್ಯವಾಗಿ ಗಂಟಲನ್ನು ಕಚ್ಚಿ ಹಿಡಿದು ಉಸಿರು ಕಟ್ಟಿಸಿ ಕೊಲ್ಲುತ್ತದೆ. ಹೀಗಾಗಿ ಹೊರಗೆ ಕಾಣುವುದು ಕೋರೆಹಲ್ಲಿನ ನಾಲ್ಕಾರು ತೂತುಗಳು ಮಾತ್ರ, ಸುತ್ತಮುತ್ತ ರಕ್ತವೂ ಹೆಚ್ಚು ಚೆಲ್ಲಿರುವುದಿಲ್ಲ. ಅನಂತರ ಅದು ಬೇಟೆಯನ್ನು ಪೊದೆಗೋ ಬಂಡೆಗಳ ಸಂದಿಗೋ ಎಳೆದೊಯ್ದು, ತಿನ್ನುವ ಜಾಗದ ಕೂದಲನ್ನು ಕಿತ್ತು ಹಾಕಿ, ಮೇವು ತುಂಬಿದ ಹೊಟ್ಟೆಯ ಚೀಲವನ್ನು ಹಲವು ಬಾರಿ ಒಡೆಯದೆ ಪಕ್ಕಕ್ಕಿಟ್ಟು ತಿನ್ನುತ್ತದೆ. ನಾಯಿಗಳಾದರೋ ಓಡಿಸಿಕೊಂಡು ಹೋಗಿ ತೊಡೆ, ಪಕ್ಕೆ, ಕಿವಿ, ಮುಖ ಎಂದು ಸಿಕ್ಕಲ್ಲೆಲ್ಲ ಕಚ್ಚಿ ಜಗ್ಗುತ್ತವೆ. ಕೆಲವೊಮ್ಮೆ ಕೊಂದದ್ದನ್ನು ತಿನ್ನುವುದೂ ಇಲ್ಲ. ಹೆಜ್ಜೆ ಸಿಕ್ಕರೆ ಒಳ್ಳೆಯದು: ಚಿರತೆ ನಡೆಯುವಾಗ ಉಗುರು ಒಳಗಿರುತ್ತದೆ, ನಾಯಿ, ತೋಳ, ನರಿಗಳ ಹೆಜ್ಜೆಯಲ್ಲಿ ಉಗುರಿನ ಗೆರೆ ಮೂಡುತ್ತದೆ. ಆದರೆ ಸುದ್ದಿ ತಿಳಿದು ಐವತ್ತು ಜನ ಬಂದು ನಿಂತ ಹೊಲದಲ್ಲಿ ಯಾವ ಹೆಜ್ಜೆ ತಾನೇ ಉಳಿದೀತು?

ನಾನು ಒತ್ತಿ ಹೇಳಬೇಕಾದದ್ದು ಚರ್ಮದ ಒಳಗಿನ ಸಾಕ್ಷ್ಯವನ್ನು. ಹೃದಯ ಬಡಿಯುತ್ತಿರುವಾಗ ಆದ ಕಚ್ಚುಗಾಯದ ಸುತ್ತ ಚರ್ಮದಡಿಯಲ್ಲಿ ಮತ್ತು ಮಾಂಸಖಂಡದಲ್ಲಿ ರಕ್ತ ಇಳಿದು ಕಪ್ಪುಗೆಂಪಾಗಿ ಹೆಪ್ಪುಗಟ್ಟಿರುತ್ತದೆ, ಸತ್ತ ಮೇಲೆ ಆದ ಗಾಯದಲ್ಲಿ ಅದು ಇರುವುದಿಲ್ಲ. ಅಂದರೆ ಕೊರಳಿನಿಂದ ಹಿಂಗಾಲಿನವರೆಗೆ ಚರ್ಮ ಸುಲಿದು ನೋಡಿದರೆ ಕೊಂದವರು ಯಾರು, ಆಮೇಲೆ ಬಂದು ತಿಂದವರು ಯಾರು ಎಂಬುದನ್ನು ಬಹುಮಟ್ಟಿಗೆ ಬೇರ್ಪಡಿಸಬಹುದು. ಇದಕ್ಕೆ ಬೇಕಾದದ್ದು ಒಂದು ಹರಿತವಾದ ಚಾಕು, ಒಂದು ಅಳತೆಪಟ್ಟಿ ಮತ್ತು ಹೊತ್ತು ಏರುವ ಮುನ್ನ ಸ್ಥಳ ತಲುಪುವ ಮನಸ್ಸು. ನಮ್ಮ ಬಿಸಿಲಿಗೆ ಕಳೇಬರ ಕೊಳೆಯತೊಡಗಿದರೆ ಮಾಂಸವೆಲ್ಲ ಒಂದೇ ಬಣ್ಣಕ್ಕೆ ತಿರುಗಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ.

ನಾನು ಸೇವೆಯಲ್ಲಿದ್ದಾಗಿನ ಒಂದು ಪ್ರಕರಣವನ್ನು ಹೇಳುತ್ತೇನೆ. ತೊಡೆ ಪೂರ್ತಿ ತಿಂದು ಹೋಗಿದ್ದ, ಕೊರಳಲ್ಲಿ ಹಲ್ಲಿನ ಗುರುತಿದ್ದ ಜಿಂಕೆಯೊಂದನ್ನು ನನ್ನ ಮುಂದೆ ಇಡುವ ಹೊತ್ತಿಗಾಗಲೇ ಮಹಜರಿನಲ್ಲಿ ‘ಚಿರತೆ ದಾಳಿ’ ಎಂದು ಬರೆದು, ಊರಾಚೆ ಬೋನನ್ನೂ ಇಡಲಾಗಿತ್ತು. ಚರ್ಮ ಬಿಡಿಸಿದಾಗ ಆ ಹಲ್ಲಿನ ಗುರುತುಗಳ ಕೆಳಗೆ ಒಂದು ಹನಿ ರಕ್ತವೂ ಇಳಿದಿರಲಿಲ್ಲ. ಬದಲಿಗೆ ಕತ್ತಿನ ಸುತ್ತ ಬಳೆಯಂತೆ ತೆಳುವಾದ ಕಪ್ಪು ಗೆರೆಯೊಂದು ಕಂಡಿತು. ಅದು ತಂತಿಯ ಉರುಳು. ಕೊಂದವರು ಮನುಷ್ಯರು, ತಿಂದವು ನಾಯಿಗಳು, ಬೋನು ಮಾತ್ರ ಚಿರತೆಗೆ!

ನಮ್ಮ ಬಯಲುಸೀಮೆಯಲ್ಲಿ ಕಳೇಬರದ ಬಳಿಗೆ ಬರುವವರು ಹಲವರು. ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶವೆಂದು 2007ರಲ್ಲಿ ಘೋಷಿತವಾದ ಮೈದನಹಳ್ಳಿಯ ಹುಲ್ಲುಗಾವಲು 798 ಎಕರೆಯಷ್ಟೇ ಇದ್ದು, ಸುತ್ತಲೂ ಹೊಲಗಳಿವೆ. ತೋಳ, ನರಿ, ಊರನಾಯಿ ಎಲ್ಲವೂ ಅಲ್ಲಿ ಓಡಾಡುತ್ತವೆ. ಕತ್ತೆಕಿರುಬ ಬಂದರೆ ದಪ್ಪ ಮೂಳೆಯನ್ನೂ ಪುಡಿಮಾಡಿ ತಿಂದು, ಕಾಲನ್ನೇ ಕಿತ್ತು ಗವಿಗೆ ಒಯ್ಯುತ್ತದೆ. ಅದರ ಜೊತೆಗೆ ಹೆಸರಿನ ಗೊಂದಲವೂ ಇದೆ, ‘ಕಿರುಬ’ ಎಂಬ ಮಾತನ್ನು ಕೆಲವರು ಚಿರತೆಗೂ ಬಳಸುವುದರಿಂದ ಸಾಕ್ಷಿ ಹೇಳಿದವರು ಒಂದನ್ನು ಕಂಡಿದ್ದರೆ ಬರೆದುಕೊಂಡವರು ಇನ್ನೊಂದನ್ನು ಬರೆದಿರುತ್ತಾರೆ. ಕಳೇಬರದ ಮುಂದೆ ಕಟ್ಟಿದ ಕ್ಯಾಮೆರಾ ಕೂಡ ಮರುದಿನ ರಾತ್ರಿ ಬಂದವರನ್ನಷ್ಟೇ ತೋರಿಸುತ್ತದೆ. ಚಿರತೆ ತನ್ನ ಬೇಟೆಗೆ ಮರಳಿ ಬರುವುದು ನಿಜ, ಬೇರೆಯವರ ಬೇಟೆಗೆ ಬಾಯಿ ಹಾಕುವುದೂ ಅಷ್ಟೇ ನಿಜ.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಜನ 2019-20ರಲ್ಲಿ ಚಿರತೆ ದಾಳಿಗೆ ಮನೆಮಕ್ಕಳನ್ನು ಕಳೆದುಕೊಂಡ ನೋವು ಇನ್ನೂ ಹಸಿಯಾಗಿರುವುದರಿಂದ, ಇಲ್ಲಿ ‘ಚಿರತೆ’ ಎಂಬ ಮಾತು ಪತ್ರಿಕೆಯಲ್ಲಿ ಬಂದ ಕೂಡಲೇ ಸಂಜೆ ಮಕ್ಕಳು ಹೊರಗೆ ಬರುವುದಿಲ್ಲ, ಬೋನಿಗಾಗಿ ಒತ್ತಡ ಶುರುವಾಗುತ್ತದೆ. ನಾಯಿಯೋ ಉರುಳೋ ಕಾರಣವಾಗಿದ್ದರೆ ಅದು ಹಾಗೆಯೇ ಉಳಿದು ಮುಂದಿನ ವಾರ ಇನ್ನೊಂದು ಜಿಂಕೆ ಸಾಯುತ್ತದೆ.

ಆದ್ದರಿಂದ ಕಳೇಬರ ಕಂಡವರು ಅದನ್ನು ಮುಟ್ಟದೆ, ಸುತ್ತ ತುಳಿಯದೆ, ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಲಿ. ಅಧಿಕಾರಿಗಳು ಹೂಳುವ ಅಥವಾ ಸುಡುವ ಮೊದಲು ಪಶುವೈದ್ಯರಿಂದ ಪೂರ್ತಿ ಚರ್ಮ ಬಿಡಿಸಿ ನೋಡಿಸಿ, ಅಳತೆಪಟ್ಟಿ ಇಟ್ಟು ಚಿತ್ರ ತೆಗೆದಿಡಲಿ. ತಮ್ಮ ಪತ್ರಿಕೆಯೂ ವರದಿ ಕೈಗೆ ಬರುವವರೆಗೆ ತಲೆಬರಹದಲ್ಲಿ ‘ಜಿಂಕೆ ಸಾವು’ ಎಂದಷ್ಟೇ ಬರೆದು, ಮೈದನಹಳ್ಳಿಯ ಪ್ರಕರಣದ ಪರೀಕ್ಷಾ ವರದಿಯಲ್ಲಿ ಏನಿತ್ತು ಎಂಬುದನ್ನು ಒಳಪುಟದಲ್ಲಾದರೂ ಓದುಗರಿಗೆ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಪಶುವೈದ್ಯ, ಮಧುಗಿರಿ