ತಂಗಿಯ ಜರ್ಮನ್ ತರಗತಿಯ ಕುರಿತು ಅಪ್ಪಾಜಿಯವರಿಗೆ

ಆಖೆನ್, ಜರ್ಮನಿ

ತೀರ್ಥರೂಪರಾದ ಅಪ್ಪಾಜಿಯವರ ಚರಣಗಳಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ವಿಜಯಪುರದಲ್ಲಿ ನೀವೂ ಅವ್ವನೂ ಆರೋಗ್ಯವಾಗಿರುವಿರೆಂದು ನಂಬಿದ್ದೇನೆ.

ಪುಣೆಯಲ್ಲಿ ಸೋದರಮಾವನವರ ಮನೆಯಲ್ಲಿದ್ದುಕೊಂಡು ಎಂಜಿನಿಯರಿಂಗ್ ಓದುತ್ತಿರುವ ತಂಗಿ ಸಂಜೆಯ ಜರ್ಮನ್ ತರಗತಿಗೆ ಸೇರಲು ಅನುಮತಿ ಕೇಳಿದ್ದಾಳೆಂದೂ, ಅದರಿಂದ ಅವಳ ಮುಖ್ಯ ಓದು ಹಿಂದೆ ಬಿದ್ದೀತೆಂಬ ಚಿಂತೆ ನಿಮಗಿದೆಯೆಂದೂ ನಿಮ್ಮ ಪತ್ರದಿಂದ ತಿಳಿಯಿತು. ಅವಳು ಮುಂದೆ ಇಲ್ಲಿಗೆ ಬಂದು ಮಾಡಬೇಕೆಂದಿರುವ ಎಂ.ಎಸ್. (ಸ್ನಾತಕೋತ್ತರ ಪದವಿ) ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುವಾಗ ಜರ್ಮನ್ ಕಲಿಯುವ ಅಗತ್ಯವೇನು ಎಂದು ನೀವು ಕೇಳಿರುವುದು ನ್ಯಾಯವಾಗಿಯೇ ಇದೆ. ಅವಳು ಸೇರಲೇಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ತಿಳಿಸಲೆಂದೇ ಈ ಪತ್ರ.

ನಮ್ಮ ಕೋರ್ಸಿನ ಉಪನ್ಯಾಸ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿ ನಡೆಯುವುದು ನಿಜ. ಆದರೆ ನಮ್ಮ ವಿದ್ಯೆಯ ಅರ್ಧ ಭಾಗ ಸಿಗುವುದು ಯಂತ್ರದ ಎದುರು ನಿಂತಾಗ. ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳನ್ನು ನಡೆಸುವ ಹಿರಿಯ ಕೆಲಸಗಾರರು ಕೈಯಿಂದ ಕಲಿತ ಸೂಕ್ಷ್ಮಗಳನ್ನು ತಮ್ಮ ಭಾಷೆಯಲ್ಲಿಯೇ ಹೇಳುತ್ತಾರೆ. ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ನಕ್ಷೆಯ ಅಂಚಿನ ಟಿಪ್ಪಣಿಯಿಂದ ಹಿಡಿದು ಬೆಳಗಿನ ಸಭೆಯವರೆಗೆ ಎಲ್ಲವೂ ಜರ್ಮನ್. ಎಂಜಿನಿಯರಿಂಗಿನ ಎಷ್ಟೋ ಮಾನಕಗಳು ಮೊದಲು ಈ ಭಾಷೆಯಲ್ಲಿಯೇ ಹುಟ್ಟಿದವು. ನಾನೀಗ ಬರೆಯುತ್ತಿರುವ ಎ-4 ಹಾಳೆಯ ಅಳತೆ ಕೂಡ 1922ರಲ್ಲಿ ಇಲ್ಲಿ ಹೊರಟ ಡಿಐಎನ್ 476 ಎಂಬ ಮಾನಕದಿಂದ ಬಂದದ್ದು. ಪದವಿಯ ನಂತರ ಕೆಲಸ ಹುಡುಕಲು ಸರ್ಕಾರ 18 ತಿಂಗಳ ಅವಕಾಶ ಕೊಡುತ್ತದೆ. ಆ ಅವಧಿಯಲ್ಲಿ ಭಾಷೆ ಬಲ್ಲವನಿಗೂ ಬಾರದವನಿಗೂ ಬರುವ ಕರೆಗಳಲ್ಲಿ ಎಷ್ಟು ಅಂತರವಿದೆ ಎಂಬುದನ್ನು ನನ್ನ ಹಿರಿಯ ಸಹಪಾಠಿಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಬಂದ ಮೇಲೆ ಇಲ್ಲಿಯೇ ಕಲಿಯಬಹುದಲ್ಲ ಎಂದು ನೀವು ಕೇಳಬಹುದು. ಯುರೋಪಿನ ಭಾಷಾಮಟ್ಟಗಳು ಎ-1ರಿಂದ ಸಿ-2ರವರೆಗೆ ಆರು. ದಿನನಿತ್ಯದ ವ್ಯವಹಾರವನ್ನು ತಾನೇ ನಿಭಾಯಿಸಬಲ್ಲ ಬಿ-1 ಮಟ್ಟ ತಲುಪಲು, 45 ನಿಮಿಷಗಳ ಪಾಠಗಳು 350ರಿಂದ 650ರವರೆಗೆ ಬೇಕಾಗುತ್ತವೆ ಎಂಬುದು ಜರ್ಮನ್ ಭಾಷೆ ಕಲಿಸುವ ಗೋಯೆಥೆ ಸಂಸ್ಥೆಯ ಅಂದಾಜು. ಸೆಮಿಸ್ಟರಿನ ಓದು, ಅಡುಗೆ, ಬಾಡಿಗೆ ಕೋಣೆಯ ಹುಡುಕಾಟ, ಜೊತೆಗೊಂದು ಅರೆಕಾಲಿಕ ಕೆಲಸ ಇವೆಲ್ಲದರ ನಡುವೆ ಅಷ್ಟು ಹೊತ್ತನ್ನು ಹೊಂದಿಸುವುದು ಬಹಳ ಕಷ್ಟ. ಅವಳ ಕೈಯಲ್ಲಿ ಇನ್ನೂ ಎರಡು ವರ್ಷಕ್ಕಿಂತ ಹೆಚ್ಚು ಕಾಲವಿದೆ. ಅತ್ತೆಯ ಕೈಯೂಟವೂ ಇದೆ.

ಕಲಿಯುವುದು ಅವಳಿಗೆ ಭಾರವಾಗದು ಎಂಬ ನಂಬಿಕೆಗೆ ಇನ್ನೊಂದು ಕಾರಣವಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಕನ್ನಡದಲ್ಲಿ ನಾವು ಮನುಷ್ಯರನ್ನು ನೋಡಿ ಲಿಂಗವನ್ನು ತಿಳಿಯುತ್ತೇವೆ, ವಸ್ತುಗಳೆಲ್ಲ ನಮಗೆ ನಪುಂಸಕವೇ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಕಿಟಕಿ ನಪುಂಸಕಲಿಂಗ. ಬೆಂಗಳೂರಿನಿಂದ ನೇರವಾಗಿ ಬಂದ ಗೆಳೆಯರು ಇದಕ್ಕೆ ಬೆದರಿದ್ದನ್ನು ನೋಡಿದ್ದೇನೆ. ಪುಣೆಯಲ್ಲಿ ಬೆಳೆದ ಕನ್ನಡ ಮಕ್ಕಳಿಗೆ ಈ ಬೆದರಿಕೆ ಕಡಿಮೆ, ಏಕೆಂದರೆ ಮರಾಠಿಯಲ್ಲಿಯೂ ರಸ್ತೆ ಪುಲ್ಲಿಂಗ, ಕುರ್ಚಿ ಸ್ತ್ರೀಲಿಂಗ, ಟೇಬಲ್ ನಪುಂಸಕ. ಕಾಯಿಪಲ್ಲೆ ಮಾರುವವಳೊಡನೆ, ರಿಕ್ಷಾದವರೊಡನೆ ಮಾತನಾಡುತ್ತಲೇ ಅದು ಕಿವಿಗೆ ರೂಢಿಯಾಗಿರುತ್ತದೆ. ಎಣಿಕೆಯೂ ಹಾಗೆಯೇ. ಕನ್ನಡದ ಇಪ್ಪತ್ತೈದರಲ್ಲಿ ಇಪ್ಪತ್ತು ಮೊದಲು ಬಂದರೆ, ಮರಾಠಿಯಲ್ಲಿಯೂ ಜರ್ಮನ್‌ನಲ್ಲಿಯೂ ಐದು ಮೊದಲು ಬರುತ್ತದೆ. ಇನ್ನು ಜರ್ಮನ್ ಉಪವಾಕ್ಯಗಳಲ್ಲಿ ಕ್ರಿಯಾಪದವು ಕೊನೆಗೆ ಹೋಗಿ ನಿಲ್ಲುವುದು ಇಂಗ್ಲಿಷಿನವರಿಗೆ ತೊಡಕಾದರೂ, ವಾಕ್ಯ ಮುಗಿಯುವವರೆಗೆ ಕ್ರಿಯೆಗಾಗಿ ಕಾಯುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಇರುವ ಹುಡುಗಿ ಈ ಭಾಷೆಗೆ ಅರ್ಧ ಸಿದ್ಧಳಾಗಿಯೇ ಇದ್ದಾಳೆ.

ಸೋದರಮಾವನವರು ಜಪಾನಿ ಕಲಿಯಲೆಂದು ಸೂಚಿಸಿರುವುದನ್ನೂ ಬರೆದಿದ್ದೀರಿ. ಪುಣೆಯಲ್ಲಿ ಆ ಭಾಷೆಗೂ ಒಳ್ಳೆಯ ಹೆಸರಿದೆ, ಅದರ ವಾಕ್ಯದ ಜೋಡಣೆ ಜರ್ಮನ್‌ಗಿಂತಲೂ ಕನ್ನಡಕ್ಕೆ ಹತ್ತಿರ. ಆದರೆ ನಿತ್ಯಬಳಕೆಗೆಂದು ಜಪಾನ್ ಸರ್ಕಾರ ಗೊತ್ತುಪಡಿಸಿದ ಚಿತ್ರಲಿಪಿಯ ಅಕ್ಷರಗಳೇ 2136. ಜಪಾನಿಗೆ ಹೋಗುವ ಮನಸ್ಸಿದ್ದವರು ಅದಕ್ಕೆ ದುಡಿಯಲಿ; ತಂಗಿಯ ಮನಸ್ಸು ಇತ್ತ ಕಡೆಗಿದೆ. ಒಂದುವೇಳೆ ಅವಳು ದೇಶ ಬಿಟ್ಟು ಬಾರದಿದ್ದರೂ ಪುಣೆಯ ಹತ್ತಿರದ ಚಾಕಣದಲ್ಲಿ ಜರ್ಮನ್ ಕಾರು ಕಂಪನಿಗಳ ಕಾರ್ಖಾನೆಗಳಿವೆ. ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ನನಗೆ ಪರಿಚಯವಾಗಿದ್ದ, ಆ ಕಾರ್ಖಾನೆಗಳಲ್ಲಿ ದುಡಿಯುವ ಹಿರಿಯರೇ ನನಗೆ ಮೊದಲು ಈ ಭಾಷೆಯ ದಾರಿ ತೋರಿಸಿದವರು.

ಎಲ್ಲಿ ಸೇರುವುದೆಂಬುದು ಸುಲಭದ ಮಾತು. ಬೋಟ್ ಕ್ಲಬ್ ರಸ್ತೆಯ ಮ್ಯಾಕ್ಸ್ ಮುಲ್ಲರ್ ಭವನ, ಅಂದರೆ ಗೋಯೆಥೆ ಸಂಸ್ಥೆಯ ಪುಣೆ ಶಾಖೆ, ಕೋಥರೂಡದ ಸೋದರಮಾವನವರ ಮನೆಗೆ ದೂರವಾಗುತ್ತದೆ. ಫರ್ಗ್ಯೂಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟ್ ಹತ್ತಿರ. ಅಲ್ಲಿ ಪುಣೆ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗವಿದೆ, ನಾನು ಕಲಿತದ್ದೂ ಅಲ್ಲಿಯೇ. ಹಿಂದಿರುಗುವಾಗ ಕತ್ತಲಾಗುವುದೆಂದು ಅವ್ವ ಚಿಂತಿಸುವುದಾದರೆ, ವಾರಾಂತ್ಯದ ತರಗತಿ ಇದೆಯೇ ಎಂದು ಅಲ್ಲಿ ವಿಚಾರಿಸಲು ತಂಗಿಗೆ ಹೇಳಿದ್ದೇನೆ. ಸೆಮಿಸ್ಟರ್ ಪರೀಕ್ಷೆಯ ತಿಂಗಳಲ್ಲಿ ಜರ್ಮನ್ ಪುಸ್ತಕ ಮುಚ್ಚಿಡುವುದಾಗಿಯೂ ಅವಳು ಒಪ್ಪಿದ್ದಾಳೆ.

ಶುಲ್ಕದ ವಿಷಯದಲ್ಲಿ ನೀವು ಯೋಚಿಸಬೇಡಿರಿ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ಸಹಾಯಕನಾಗಿ ನಾನು ಗಳಿಸುವುದರಲ್ಲಿ ಅದನ್ನು ಕಳುಹಿಸುತ್ತೇನೆ. ಮುಂದಿನ ಬ್ಯಾಚಿಗೆ ಹೆಸರು ಹಚ್ಚಲು ನಿಮ್ಮ ಒಪ್ಪಿಗೆಯನ್ನು ಸೋದರಮಾವನವರಿಗೆ ಫೋನಿನಲ್ಲಿ ತಿಳಿಸಿದರೆ ಸಾಕು; ಉಳಿದ ಕಾಗದಪತ್ರಗಳನ್ನು ಅವರೇ ನೋಡಿಕೊಳ್ಳುತ್ತಾರೆ.

ಅವ್ವನಿಗೆ ನನ್ನ ನಮಸ್ಕಾರಗಳು.

ನಿಮ್ಮ ಆಜ್ಞಾಧಾರಕ ಮಗ